ಮೊಸರನ್ನದ ಹುಡುಗನಿಗೆ ಬಫೆ ಬೇಕಾ? ರಜೆಯ ಊಟದ ಪ್ಲಾನ್ ಆರಿಸುವ ಮುನ್ನ

ಏಪ್ರಿಲ್ ಎರಡನೇ ವಾರ ಮಕ್ಕಳ ರಿಸಲ್ಟ್ ಬಂತು ಅಂದರೆ ಬಳ್ಳಾರಿಯಲ್ಲಿ ಯಾರಿಗೂ ಮನೆಯಲ್ಲಿ ಕೂರುವ ಮನಸ್ಸಿರುವುದಿಲ್ಲ. ಬಿಸಿಲು ನಲವತ್ತು ದಾಟಿರುತ್ತದೆ. ಊಟಿಯೋ ಗೋವಾವೋ ಕೊಡಗೋ, ಎಲ್ಲಾದರೂ ಸರಿ, ನಾಲ್ಕು ದಿನ ಇಲ್ಲಿಂದ ಹೊರಗೆ ಬಿದ್ದರೆ ಸಾಕು. ಮೊನ್ನೆ ನಮ್ಮ ಓಣಿಯ ಹುಡುಗಿಯೊಬ್ಬಳು ಫೋನ್ ಹಿಡಿದುಕೊಂಡೇ ಮನೆಗೆ ಬಂದಳು. "ಅಕ್ಕಾ, ರೂಮ್ ಬುಕ್ ಮಾಡಾಕತ್ತೀನಿ. ಬರೀ ರೂಮಿಗೆ ಒಂದು ರೇಟು, ತಿಂಡಿ ಸೇರಿಸಿದ್ರ ಇನ್ನೊಂದು, ರಾತ್ರಿ ಊಟಾನೂ ಸೇರಿಸಿದ್ರ ಮತ್ತೊಂದು. ನಮ್ಮ ಪಾಪು ಏನೂ ತಿನ್ನಂಗಿಲ್ಲ, ನಿಮಗ ಗೊತ್ತಲ್ಲ. ಯಾವ್ದು ಒತ್ಲಿ?"

ಎರಡು ವರ್ಷದ ಹಿಂದೆ ನಾನೂ ಅದೇ ಬಟನ್ ಮುಂದೆ ಕೂತಿದ್ದೆ. ಗೋವಾಕ್ಕೆ ಹೋಗುವುದಿತ್ತು, ಅಮರಾವತಿ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಆಗಿತ್ತು. ಮಗನಿಗೆ ಆಗ 7 ವರ್ಷ. ಅವನು ತಿನ್ನುವುದು ಮೊಸರನ್ನ, ಸಾದಾ ದೋಸೆ, ತುಪ್ಪ ಸಕ್ಕರೆ ಹಚ್ಚಿದ ಚಪಾತಿ, ಶೇಂಗಾ ಚಟ್ನಿಪುಡಿ, ಬಾಳೆಹಣ್ಣು. ಮಂಡಕ್ಕಿ ಒಗ್ಗರಣೆಯನ್ನೂ ತಿನ್ನುತ್ತಾನೆ, ಆದರೆ ಅದರಲ್ಲಿ ಈರುಳ್ಳಿ ಕಣ್ಣಿಗೆ ಬೀಳಬಾರದು. ಇಂಥವನಿಗೆ ನಾನು ಮೂರು ರಾತ್ರಿಯ ಬಫೆಗೆ ಮೊದಲೇ ದುಡ್ಡು ಕಟ್ಟಿದೆ. "ಅಷ್ಟೊಂದು ಬಗೆ ಇರುತ್ತದಲ್ಲ, ಏನಾದರೂ ತಿಂತಾನೆ ಬಿಡು" ಅಂದುಕೊಂಡೆ. ಒಂದು ರಾತ್ರಿಗೆ ಅವನ ಪಾಲು 550 ರೂಪಾಯಿ.

ಮೊದಲ ರಾತ್ರಿ ಬಫೆ ಶುರುವಾಗಿದ್ದು ಎಂಟಕ್ಕೆ. ಅವನು ಏಳೂವರೆಗೇ ಸೋಫಾ ಮೇಲೆ ನಿದ್ದೆ. ಎರಡನೇ ರಾತ್ರಿ ಎಬ್ಬಿಸಿಕೊಂಡು ಹೋದೆವು. ಸಾಲಾಗಿ ಹತ್ತು ಪಾತ್ರೆ. ಒಂದೊಂದೇ ಮುಚ್ಚಳ ಎತ್ತಿ ನೋಡಿದ, ಎತ್ತಿದಷ್ಟೂ ಮೂಗು ಮುರಿದ. ಮೊಸರಿತ್ತು, ಆದರೆ ಬೂಂದಿ ರಾಯತ ಆಗಿತ್ತು. ಅನ್ನ ಇತ್ತು, ಅದು ಜೀರಾ ರೈಸ್. ಕೊನೆಗೆ ಜೀರಾ ರೈಸ್ ಹಾಕಿಸಿಕೊಂಡು ಕೂತು, ಒಂದೊಂದೇ ಜೀರಿಗೆ ಹೆಕ್ಕಿ ತಟ್ಟೆಯ ಅಂಚಿಗೆ ಇರುವೆ ಸಾಲಿನ ಹಾಗೆ ಜೋಡಿಸಿದ. ಇಪ್ಪತ್ತು ನಿಮಿಷಕ್ಕೆ ನಾಲ್ಕು ತುತ್ತು. ಮೂರನೇ ರಾತ್ರಿ ಎರಡು ಹಪ್ಪಳ, ಒಂದು ಕಪ್ ಐಸ್‌ಕ್ರೀಮ್. ಒಟ್ಟು 1,650 ರೂಪಾಯಿಗೆ ನನ್ನ ಮಗ ತಿಂದಿದ್ದು ಇಷ್ಟೇ.

ಹೋಟೆಲಿನವರದು ಇದರಲ್ಲಿ ತಪ್ಪೇನಿಲ್ಲ. ಊಟ ಚೆನ್ನಾಗೇ ಇತ್ತು, ನಾವಿಬ್ಬರೂ ಹೊಟ್ಟೆ ತುಂಬಾ ಉಂಡೆವು. ಊಟದ ಪ್ಲಾನಿಗೆ ದರ ಹಾಕುವುದು ತಲೆ ಮತ್ತು ವಯಸ್ಸು ನೋಡಿ. ಮಗು ಎಷ್ಟು ತುತ್ತು ತಿಂತು ಎಂದು ಯಾರೂ ಎಣಿಸುವುದಿಲ್ಲ. ಆ ಲೆಕ್ಕ ಹಾಕಬೇಕಾದವರು ನಾವು, ಅದೂ ದುಡ್ಡು ಕಟ್ಟುವ ಮೊದಲು. ಅವತ್ತಿನಿಂದ ನಾನು ಬುಕ್ ಮಾಡುವಾಗ ಏನೇನು ನೋಡುತ್ತೇನೆ ಅಂತ ಆ ಹುಡುಗಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಆ ಎರಡು ಮೂರು ಅಕ್ಷರಗಳ ಅರ್ಥ

ಬುಕಿಂಗ್ ಪುಟದಲ್ಲಿ ಈಪಿ, ಸಿಪಿ, ಎಂಎಪಿ, ಎಪಿ ಅಂತ ಬರೆದಿರುತ್ತಾರೆ. ಈಪಿ ಅಂದರೆ ಯುರೋಪಿಯನ್ ಪ್ಲಾನ್, ಬರೀ ರೂಮು. ಸಿಪಿ ಅಂದರೆ ಕಾಂಟಿನೆಂಟಲ್ ಪ್ಲಾನ್, ರೂಮಿನ ಜೊತೆ ಬೆಳಗಿನ ತಿಂಡಿ. ಎಂಎಪಿ ಅಂದರೆ ಮಾಡಿಫೈಡ್ ಅಮೆರಿಕನ್ ಪ್ಲಾನ್, ತಿಂಡಿಯ ಜೊತೆ ಇನ್ನೊಂದು ಊಟ, ಹೆಚ್ಚಾಗಿ ರಾತ್ರಿಯದು. ಎಪಿ ಅಂದರೆ ಅಮೆರಿಕನ್ ಪ್ಲಾನ್, ಮೂರು ಹೊತ್ತೂ. ಹೆಸರಿಗೆ ಮೋಸ ಹೋಗಬೇಡಿ. ಸಿಪಿ ಅಂದ ಮಾತ್ರಕ್ಕೆ ಬ್ರೆಡ್ಡು ಜಾಮು ಅಂತಲ್ಲ. ನಮ್ಮ ಕಡೆಯ ಹೋಟೆಲುಗಳಲ್ಲಿ ಇಡ್ಲಿ, ವಡೆ, ಪೂರಿ ಎಲ್ಲ ಇರುತ್ತದೆ.

ಮೊದಲು ಅಳತೆಗೋಲು

ಎಲ್ಲಕ್ಕಿಂತ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಕಳೆದ ಆರು ತಿಂಗಳಲ್ಲಿ ನಿಮ್ಮ ಮಗು ಮನೆಯ ಹೊರಗೆ ಏನೇನು ತಿಂದಿದೆ ಅಂತ ಬರೆಯಿರಿ. ಮನೆಯಲ್ಲಿ ತಿನ್ನುವುದನ್ನು ಬರೆಯಬೇಡಿ, ಅದು ಬೇರೆ ಪಟ್ಟಿ. ಮನೆಯಲ್ಲಿ ಬೇಳೆಸಾರು ಉಣ್ಣುವ ಮಗು ಮದುವೆ ಮನೆಯ ಸಾರು ಮುಟ್ಟದೇ ಇರಬಹುದು. ಬಣ್ಣ ಬೇರೆ, ವಾಸನೆ ಬೇರೆ, ಮೇಲೆ ಕೊತ್ತಂಬರಿ ತೇಲುತ್ತಿರುತ್ತದೆ. ನನ್ನ ಮಗನ ಹೊರಗಿನ ಪಟ್ಟಿಯಲ್ಲಿ ಬಂದಿದ್ದು ನಾಲ್ಕೇ: ಸಾದಾ ದೋಸೆ, ಇಡ್ಲಿ, ಮೊಸರನ್ನ, ಐಸ್‌ಕ್ರೀಮ್. ಈ ನಾಲ್ಕರಲ್ಲಿ ಮೂರು ಬೆಳಗಿನ ತಿಂಡಿಯ ಟೇಬಲ್ಲಿನಲ್ಲೋ ಉಡುಪಿ ಹೋಟೆಲಿನಲ್ಲೋ ಸಿಗುವಂಥವು. ರಾತ್ರಿ ಬಫೆಯಲ್ಲಿ ಖಾತ್ರಿಯಾಗಿ ಸಿಗುವುದು ಐಸ್‌ಕ್ರೀಮ್ ಒಂದೇ. ಈ ಹಾಳೆ ಮೊದಲೇ ಬರೆದಿದ್ದರೆ ನನ್ನ 1,650 ರೂಪಾಯಿಯಲ್ಲಿ ಬಹುಪಾಲು ಉಳಿಯುತ್ತಿತ್ತು.

"ಬಗೆಬಗೆ ಇದ್ದರೆ ರುಚಿ ನೋಡಿ ಕಲಿಯುತ್ತದೆ" ಅನ್ನುವ ಮಾತಿದೆಯಲ್ಲ, ಅದನ್ನು ನಾನು ಈಗ ನಂಬುವುದಿಲ್ಲ. ಎರಡರಿಂದ ಆರು ವರ್ಷದ ನಡುವೆ ಹೊಸ ತಿನಿಸು ಕಂಡರೆ ಹಿಂಜರಿಯುವುದು ಮಕ್ಕಳಲ್ಲಿ ಮಾಮೂಲು. ಕೆಲವರಲ್ಲಿ ಅದು ಇನ್ನೂ ಮುಂದಕ್ಕೆ ಹೋಗುತ್ತದೆ. ಒಂದು ಹೊಸ ರುಚಿ ಒಗ್ಗಬೇಕಾದರೆ ಎಂಟು ಹತ್ತು ಸಲವಾದರೂ, ಒಮ್ಮೊಮ್ಮೆ ಹದಿನೈದು ಸಲ, ಬಾಯಿಗೆ ಬೀಳಬೇಕು ಎನ್ನುತ್ತಾರೆ ಇದರ ಬಗ್ಗೆ ಕೆಲಸ ಮಾಡಿದವರು. ಮೂರು ರಾತ್ರಿಯ ಪ್ಲಾನಿನಲ್ಲಿ ಸಿಗುವುದು ಮೂರೇ ಸಲ, ಅದೂ ದಿನಕ್ಕೊಂದು ಮೆನು. ತಿನ್ನಲು ಕಲಿಸುವ ಕೆಲಸ ಮನೆಯಲ್ಲಿ ಇಟ್ಟುಕೊಳ್ಳಿ.

ಎರಡನೆಯದು ಗಡಿಯಾರ. ಇದನ್ನು ಯಾರೂ ನೋಡುವುದಿಲ್ಲ, ನಾನೂ ನೋಡಿರಲಿಲ್ಲ. ಪ್ರವಾಸದಲ್ಲಿ ಮಕ್ಕಳಿಗೆ ಹಸಿವಾಗುವುದು ಸಂಜೆ ಐದಕ್ಕೆ, ಆಮೇಲೆ ಏಳಕ್ಕೆ. ಹೋಟೆಲಿನ ರಾತ್ರಿ ಊಟ ಏಳೂವರೆ, ಎಂಟಕ್ಕೆ ಶುರು. ನಡುವಿನ ಹೊತ್ತಿನಲ್ಲಿ ನೀವು ಚಿಪ್ಸೋ ಬಿಸ್ಕತ್ತೋ ಕೊಟ್ಟೇ ಕೊಡುತ್ತೀರಿ. ಎಂಟಕ್ಕೆ ಹಸಿವು ಸತ್ತಿರುತ್ತದೆ, ನಿದ್ದೆ ಬಂದಿರುತ್ತದೆ. ಎಲ್ಲ ತಿನ್ನುವ ಮಗುವೂ ಆ ಹೊತ್ತಿನಲ್ಲಿ ಹಟ ಮಾಡುತ್ತದೆ.

ಮೂರನೆಯದು, ಗೇಟಿನ ಹೊರಗೆ ಏನಿದೆ. ನಡೆದುಹೋಗುವ ದೂರದಲ್ಲಿ ಒಂದು ಇಡ್ಲಿ ಅಂಗಡಿ, ಒಂದು ಹಣ್ಣಿನ ಗಾಡಿ, ಒಂದು ಕಿರಾಣಿ ಅಂಗಡಿ ಇದ್ದರೆ ಮೊದಲೇ ದುಡ್ಡು ಕಟ್ಟುವ ಅಗತ್ಯ ಅರ್ಧಕ್ಕರ್ಧ ಇಳಿಯುತ್ತದೆ. ಹತ್ತು ಕಿಲೋಮೀಟರ್ ಕಾಡೋ ಕಾಫಿ ತೋಟವೋ ಇದ್ದರೆ ಲೆಕ್ಕ ತಿರುಗುಮುರುಗು. ಫೋನಿನ ಮ್ಯಾಪ್ ತೆಗೆದು ಹೋಟೆಲಿನ ಸುತ್ತ 'ವೆಜ್ ಹೋಟೆಲ್' ಅಂತ ಹುಡುಕಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ವಯಸ್ಸಿನ ಗೆರೆಯನ್ನೂ ನೋಡಿ. ಸಾಮಾನ್ಯವಾಗಿ 5 ವರ್ಷದವರೆಗೆ ಉಚಿತ, 6ರಿಂದ 12ಕ್ಕೆ ದೊಡ್ಡವರ ದರದ ಅರ್ಧದಷ್ಟು ಇಲ್ಲವೇ ಸ್ವಲ್ಪ ಜಾಸ್ತಿ, 12 ದಾಟಿದರೆ ಪೂರ್ತಿ. ಹೋಟೆಲಿಂದ ಹೋಟೆಲಿಗೆ ಗೆರೆ ಒಂದೆರಡು ವರ್ಷ ಆಚೆ ಈಚೆ ಆಗುತ್ತದೆ. ನಾಲ್ಕು ವರ್ಷದ ಮಗುವಿಗೆ ಊಟ ಉಚಿತವಾಗಿದ್ದರೆ ಅದು ತಿಂದರೆಷ್ಟು ಬಿಟ್ಟರೆಷ್ಟು, ತಲೆ ಕೆಡಿಸಿಕೊಳ್ಳಬೇಡಿ. ಕಷ್ಟ ಇರುವುದು ಆರರಿಂದ ಹನ್ನೆರಡರವರಿಗೆ: ದರ ಬೀಳುತ್ತದೆ, ಹೊಟ್ಟೆಗೆ ಬೀಳುವುದಿಲ್ಲ.

ಬರೀ ರೂಮು

ಪಟ್ಟಣದ ನಡುವೆ ಉಳಿಯುವವರಿಗೆ, ಇಡೀ ದಿನ ಸುತ್ತುವವರಿಗೆ ಇದು ಸರಿ. ಮೈಸೂರು, ಉಡುಪಿ, ಹೊಸಪೇಟೆಯಂಥ ಕಡೆ ಮಗುವಿನ ಪಟ್ಟಿಯಲ್ಲಿರುವ ದೋಸೆ ಮೊಸರನ್ನ ಎಲ್ಲ ಬೀದಿಯಲ್ಲೂ ಇದೆ. ಕೈ ಹಿಡಿತದಲ್ಲಿ ಖರ್ಚು ಮಾಡುವವರಿಗೂ ಇದೇ ಒಳ್ಳೆಯದು.

ಆದರೆ ಬೆಳಿಗ್ಗೆ ಒಂದು ತಾಪತ್ರಯ ಇದೆ. ಎದ್ದು, ಸ್ನಾನ ಮಾಡಿಸಿ, ಬಟ್ಟೆ ಹಾಕಿ, ಆಟೋ ಹಿಡಿದು, ಹೋಟೆಲ್ ಹುಡುಕಿ, ಅಲ್ಲಿ ಜಾಗಕ್ಕೆ ಕಾದು ದೋಸೆ ಬರುವಷ್ಟರಲ್ಲಿ ಹತ್ತು ಗಂಟೆ. ಹಸಿದ ಮಗು ಅಷ್ಟರಲ್ಲಿ ನಿಮ್ಮ ಇಡೀ ದಿನವನ್ನು ಹಾಳು ಮಾಡಿರುತ್ತದೆ. ಒಂದಕ್ಕಿಂತ ಜಾಸ್ತಿ ಮಕ್ಕಳಿದ್ದರೆ ಹೇಳುವುದೇ ಬೇಡ.

ತಿಂಡಿ ಸೇರಿಸಿದ್ದು

ನನ್ನ ಮಟ್ಟಿಗೆ ತಿನ್ನಲು ಕಾಡುವ ಮಕ್ಕಳಿರುವ ಮನೆಗೆ ಹತ್ತರಲ್ಲಿ ಎಂಟು ಸಲ ಇದೇ ಉತ್ತರ. ಕಾರಣ ಸರಳ. ಬೆಳಗಿನ ತಿಂಡಿಯ ಟೇಬಲ್ ಇಡೀ ದಿನದಲ್ಲೇ ಮಕ್ಕಳಿಗೆ ಹತ್ತಿರವಾದ ಟೇಬಲ್. ಇಡ್ಲಿ, ದೋಸೆ, ಪೂರಿ, ಬ್ರೆಡ್, ಬೆಣ್ಣೆ, ಹಾಲು, ಕಾರ್ನ್‌ಫ್ಲೇಕ್ಸ್, ಬೇಯಿಸಿದ ಮೊಟ್ಟೆ, ಹಣ್ಣು. ಎಲ್ಲ ಸಾದಾ, ಎಲ್ಲ ಬಿಡಿಬಿಡಿ, ಮಸಾಲೆ ಮುಚ್ಚಿಕೊಂಡಿರುವುದಿಲ್ಲ. ದೋಸೆ ಹುಯ್ಯುವವರು ಎದುರಿಗೇ ನಿಂತಿರುತ್ತಾರೆ, "ಎಣ್ಣೆ ಬೇಡ, ಗರಿಗರಿ ಮಾಡಿ" ಅಂದರೆ ಮಾಡಿಕೊಡುತ್ತಾರೆ. ಮಗು ಎದ್ದ ತಕ್ಷಣ ಚಪ್ಪಲಿ ಹಾಕಿಕೊಂಡು ಕೆಳಗಿಳಿದರೆ ಊಟದ ಮನೆ. ಸಮಯವೂ ಏಳೂವರೆಯಿಂದ ಹತ್ತರವರೆಗೆ ಇರುವುದರಿಂದ ನಿದ್ದೆಗೆ ತಕ್ಕ ಹಾಗೆ ಹೋಗಬಹುದು.

ಬೆಳಿಗ್ಗೆ ಒಂದು ಹೊತ್ತು ಹೊಟ್ಟೆ ತುಂಬಿತು ಅಂದರೆ ಮಧ್ಯಾಹ್ನ ಅರ್ಧ ತಿಂದರೂ ಅಮ್ಮಂದಿರ ಎದೆ ಹಗುರ ಇರುತ್ತದೆ. ಈಪಿಗೂ ಸಿಪಿಗೂ ಇರುವ ದರದ ಅಂತರ ಹೆಚ್ಚಿನ ಕಡೆ ಅಷ್ಟೇನೂ ದೊಡ್ಡದಲ್ಲ. ಆ ಅಂತರ ಇಬ್ಬರು ದೊಡ್ಡವರು ಹೊರಗೆ ತಿಂಡಿ ಕಾಫಿಗೆ ಕೊಡುವ ದುಡ್ಡಿಗಿಂತ ಕಡಿಮೆ ಇದ್ದರೆ ಯೋಚನೆಯೇ ಬೇಡ. ಒಂದು ವಿಷಯ ಮಾತ್ರ ಕೇಳಿಕೊಳ್ಳಿ. ಮೂರನೇ ತಲೆ, ಅಂದರೆ ಮಗುವಿನ ತಿಂಡಿ ಸೇರಿದೆಯೋ ಇಲ್ಲವೋ. "ಬ್ರೇಕ್‌ಫಾಸ್ಟ್ ಇನ್‌ಕ್ಲೂಡೆಡ್" ಅಂತ ಇದ್ದರೂ ಅದು ಇಬ್ಬರಿಗೆ ಮಾತ್ರ ಇರಬಹುದು, ಮಗುವಿನದು ಚೆಕ್‌ಔಟ್ ದಿನ ಬಿಲ್ಲಿನಲ್ಲಿ ಹೊರಬರುತ್ತದೆ.

ತಿಂಡಿ ಮತ್ತು ರಾತ್ರಿ ಊಟ

ಇಲ್ಲೇ ಹೆಚ್ಚಿನವರು ಎಡವುವುದು, ಅದಕ್ಕೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಎಂಎಪಿ ದೊಡ್ಡವರಿಗೆ ಒಳ್ಳೆಯ ಪ್ಲಾನ್. ಸುತ್ತಿ ಸುಸ್ತಾಗಿ ಬಂದಾಗ ಮತ್ತೆ ಹೊರಗೆ ಹೋಗುವ ಗೋಳಿಲ್ಲ. ಊಟಿ, ಮುನ್ನಾರಿನಂಥ ಬೆಟ್ಟದ ಊರಲ್ಲಿ ಕತ್ತಲಾದ ಮೇಲೆ ಚಳಿಯಲ್ಲಿ, ತಿರುವು ರಸ್ತೆಯಲ್ಲಿ ಊಟ ಹುಡುಕಿಕೊಂಡು ಹೋಗುವುದಕ್ಕಿಂತ ಸಾವಿರ ಪಾಲು ಮೇಲು. ಅಜ್ಜ ಅಜ್ಜಿ ಜೊತೆಗಿದ್ದರಂತೂ ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು.

ತಿನ್ನಲು ಕಾಡುವ ಮಗುವಿನ ಕಡೆಯಿಂದ ನೋಡಿದರೆ ಇದೇ ಪ್ಲಾನಿನಲ್ಲಿ ಮೂರು ತೂತಿವೆ. ಒಂದು ಆಗಲೇ ಹೇಳಿದ ಗಡಿಯಾರ. ಎರಡನೆಯದು ಮೆನು. ಮಕ್ಕಳಿಗೆ ಬೇಕಾದ ನೂಡಲ್ಸ್, ಫ್ರೆಂಚ್ ಫ್ರೈಸ್, ಮೊಸರನ್ನ ಇವೆಲ್ಲ ಹೋಟೆಲಿನ ಮೆನು ಕಾರ್ಡಿನಲ್ಲಿ ಇರುತ್ತವೆ, ಆದರೆ ಪ್ಲಾನಿನೊಳಗೆ ಬರುವುದಿಲ್ಲ. ಪ್ಲಾನಿಗೆ ಬರುವುದು ಬಫೆಯಲ್ಲಿ ಇಟ್ಟಿದ್ದು ಮಾತ್ರ. ಹಾಗಾಗಿ ಮಗುವಿನ ಬಫೆಗೂ ಕೊಟ್ಟು, ಅದು ತಿನ್ನದೇ ಇದ್ದಾಗ ಕಾರ್ಡಿನಿಂದ ಮೊಸರನ್ನ ತರಿಸಿ ಅದಕ್ಕೂ ಕೊಟ್ಟು, ಒಂದೇ ಹೊಟ್ಟೆಗೆ ಎರಡು ಬಿಲ್. ಮೂರನೆಯದು ಇನ್ನೂ ಸಣ್ಣದು: ರೂಮುಗಳು ಖಾಲಿ ಇರುವ ದಿನಗಳಲ್ಲಿ ಎಷ್ಟೋ ಹೋಟೆಲುಗಳು ಬಫೆ ಬಿಟ್ಟು ಸೆಟ್ ಮೆನು ಮಾಡುತ್ತವೆ. ಒಂದು ಪನೀರ್, ಒಂದು ದಾಲ್, ರೋಟಿ, ಅನ್ನ, ಒಂದು ಸ್ವೀಟ್. ಆರಿಸಿಕೊಳ್ಳಲು ಅಲ್ಲಿ ಏನೂ ಉಳಿಯುವುದಿಲ್ಲ.

ಹಾಗಾದರೆ ದೊಡ್ಡವರಿಬ್ಬರಿಗೆ ಎಂಎಪಿ, ಮಗುವಿಗೆ ಬರೀ ತಿಂಡಿ ಅಂತ ಕೇಳಬಹುದಲ್ಲ? ಕೇಳಿ. ಬುಕಿಂಗ್ ಆಪ್‌ನಲ್ಲಿ ಹಾಗೆ ಬಿಡಿಸಲು ಬರುವುದಿಲ್ಲ, ಇಡೀ ರೂಮಿಗೆ ಒಂದೇ ಪ್ಲಾನ್ ತೋರಿಸುತ್ತದೆ. ಹೋಟೆಲಿಗೆ ನೇರ ಫೋನ್ ಮಾಡಿದರೆ ಕೆಲವರು ಒಪ್ಪುತ್ತಾರೆ. ಒಪ್ಪದಿದ್ದರೆ ಇನ್ನೊಂದು ದಾರಿ ಇದೆ. ಸಿಪಿಯಲ್ಲೇ ಬುಕ್ ಮಾಡಿ, ಅಲ್ಲಿಗೆ ಹೋದ ಮೇಲೆ ಒಂದು ಸಂಜೆ ಬಫೆ ಮನೆಗೆ ಸುಮ್ನೆ ಒಂದು ಸುತ್ತು ಹೊಡೆದು ಬನ್ನಿ. ಇಷ್ಟವಾದರೆ ಆ ರಾತ್ರಿಗೆ ಮಾತ್ರ ದುಡ್ಡು ಕೊಡಿ. ತಲೆಗೆ ನೂರು ಇನ್ನೂರು ಜಾಸ್ತಿ ಬೀಳಬಹುದು, ಆದರೆ ಮೂರು ರಾತ್ರಿಯಲ್ಲಿ ಒಂದು ರಾತ್ರಿ ಮಾತ್ರ ತಿಂದರೂ ನಿಮಗೇ ಲಾಭ. ಮೊದಲೇ ಕಟ್ಟಿದ ಊಟವನ್ನು ಬಿಟ್ಟರೆ ದುಡ್ಡು ವಾಪಸ್ ಬರುವುದಿಲ್ಲ, ನಾಳೆಗೂ ಉಳಿಯುವುದಿಲ್ಲ.

ಮೂರು ಹೊತ್ತೂ ಕಟ್ಟಲೇಬೇಕಾದ ಜಾಗಗಳು

ಕೆಲವು ಕಡೆ ಆಯ್ಕೆಯೇ ಇಲ್ಲ. ದಾಂಡೇಲಿಯ ಕಾಡಿನ ರೆಸಾರ್ಟುಗಳು, ಕೇರಳದ ದೋಣಿಮನೆ, ಸರ್ಕಾರದ ಜಂಗಲ್ ಲಾಡ್ಜಸ್ಸಿನ ಸಫಾರಿ ಪ್ಯಾಕೇಜು ಇವೆಲ್ಲ ಊಟ ಸೇರಿಸಿಯೇ ದರ ಹೇಳುತ್ತವೆ. ನಮ್ಮ ಹತ್ತಿರದ ಕಮಲಾಪುರದಲ್ಲೂ ದರೋಜಿ ಕರಡಿಧಾಮ ನೋಡುವವರಿಗೆ ಅಂಥ ಪ್ಯಾಕೇಜಿದೆ. ಹೊರಗೆ ಅಂಗಡಿ ಇಲ್ಲದ ಜಾಗದಲ್ಲಿ ಮೂರು ಹೊತ್ತಿನ ಪ್ಲಾನ್ ದುಬಾರಿಯೇನಲ್ಲ, ಅನಿವಾರ್ಯ. ಅಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಅಡುಗೆಯವರು ನಮ್ಮ ಮಾತು ಕೇಳುತ್ತಾರಾ?

ಗಂಗಾವತಿಯಲ್ಲಿರುವ ನನ್ನ ತಂಗಿ ಆಲಪ್ಪುಳದಲ್ಲಿ ದೋಣಿಮನೆ ಮಾಡಿದ್ದಳು. ಮಧ್ಯಾಹ್ನ ಹನ್ನೆರಡಕ್ಕೆ ಹತ್ತಿದರೆ ಊಟ, ಸಂಜೆ ಚಹಾ ಜೊತೆ ಬಾಳೆಹಣ್ಣಿನ ಬಜ್ಜಿ, ರಾತ್ರಿ ಊಟ, ಮರುದಿನ ತಿಂಡಿ ಕೊಟ್ಟು ಒಂಬತ್ತಕ್ಕೆ ಇಳಿಸುತ್ತಾರೆ. ಸಂಜೆಯಾದರೆ ದೋಣಿಯನ್ನು ದಡಕ್ಕೆ ಕಟ್ಟುತ್ತಾರೆ, ಸುತ್ತ ನೀರು. ಅವಳ ಮಗಳಿಗೆ ಆರು ವರ್ಷ, ಅನ್ನ ಸಾರು ಇದ್ದರೆ ಬೇರೇನೂ ಬೇಡ ಅನ್ನುವ ಹುಡುಗಿ. ಸೋನಾ ಮಸೂರಿ ಬೆಳೆಯುವ ಊರಿನವಳು, ಹುಟ್ಟಿದಾಗಿನಿಂದ ಅದೇ ಸಣ್ಣಕ್ಕಿ. ತಟ್ಟೆಗೆ ಬಂದಿದ್ದು ಕೇರಳದ ಮಟ್ಟಾ ಅಕ್ಕಿ, ಕೆಂಪು ಗೆರೆ ಇರುವ ದಪ್ಪ ಕಾಳು. ಹುಡುಗಿ ಒಂದು ಅಗುಳನ್ನು ಎರಡು ಬೆರಳಲ್ಲಿ ಹಿಡಿದು ಒತ್ತಿ ನೋಡಿದಳು. "ಅಮ್ಮಾ, ಇದು ಅನ್ನ ಅಲ್ಲ" ಅಂದಳು. ಮುಗೀತು. ಅವತ್ತು ಅವಳ ಊಟ ಬಾಳೆಹಣ್ಣಿನ ಬಜ್ಜಿ ಮತ್ತು ತಂಗಿಯ ಚೀಲದಲ್ಲಿದ್ದ ಖಡಕ್ ರೊಟ್ಟಿ.

ಇದರಲ್ಲಿ ಬೇಜಾರಿನ ವಿಷಯ ಏನೆಂದರೆ, ದೋಣಿಮನೆಯಲ್ಲಿ ಅಡುಗೆ ಮಾಡುವುದು ನಿಮ್ಮೊಬ್ಬರಿಗೇ. ಬುಕ್ ಮಾಡುವಾಗಲೇ "ಮಗುವಿಗೆ ಬಿಳಿ ಅಕ್ಕಿ ಅನ್ನ, ಖಾರ ಇಲ್ಲದ ಬೇಳೆ, ಮೊಸರು" ಅಂತ ಒಂದು ಮಾತು ಹೇಳಿದ್ದರೆ ಸಾಮಾನು ತರುವಾಗ ತಂದುಕೊಳ್ಳುತ್ತಿದ್ದರು. ದೊಡ್ಡ ರೆಸಾರ್ಟಿನ ಬಫೆಗಿಂತ ಈ ಸಣ್ಣ ಅಡುಗೆಮನೆಗಳೇ ಕಾಡುವ ಮಕ್ಕಳಿಗೆ ಅನುಕೂಲ. ಆದರೆ ಹಿಂದಿನ ದಿನವೇ ಹೇಳಬೇಕು, ಹತ್ತಿದ ಮೇಲೆ ಹೇಳಿದರೆ ಆಗುವುದಿಲ್ಲ.

ಹೋಂಸ್ಟೇಗೂ ಇದೇ ಮಾತು. ವಿರೂಪಾಪುರಗಡ್ಡೆಯ ರೆಸಾರ್ಟುಗಳನ್ನು 2020ರಲ್ಲಿ ತೆರವು ಮಾಡಿದ ಮೇಲೆ ಹಂಪಿಯ ಆಚೆ ದಡಕ್ಕೆ ಬರುವವರು ಸಾಣಾಪುರ, ಆನೆಗುಂದಿ ಕಡೆ ಉಳಿಯುತ್ತಾರೆ. ಅಲ್ಲಿ ಹೊರದೇಶದವರಿಗೆಂದು ಮಾಡುವ ಬಾಳೆಹಣ್ಣಿನ ಪ್ಯಾನ್‌ಕೇಕು, ಸಾದಾ ಪಾಸ್ತಾ ನಮ್ಮ ಮಕ್ಕಳಿಗೂ ಹಿಡಿಸುತ್ತವೆ. ಬೇಕಾದಾಗ ಬೇಕಾದ್ದು ಹೇಳಿ ಮಾಡಿಸಿಕೊಳ್ಳುವ ಇಂಥ ಕಡೆ ಪ್ಲಾನ್ ಕಟ್ಟಬೇಡಿ.

ಅಡುಗೆಯವರೇ ಜೊತೆ ಬರುವ ಟೂರು

ಇದನ್ನು ಯಾವ ಬುಕಿಂಗ್ ಆಪೂ ತೋರಿಸುವುದಿಲ್ಲ. ಕಾಶಿ, ಅಯೋಧ್ಯೆ, ಚಾರ್‌ಧಾಮ್ ಕಡೆ ಕರೆದೊಯ್ಯುವ ನಮ್ಮ ಕಡೆಯ ಟೂರಿನವರಲ್ಲಿ ಕೆಲವರು ಅಡುಗೆಯವರನ್ನೂ ಪಾತ್ರೆಯನ್ನೂ ಜೊತೆಗೇ ಒಯ್ಯುತ್ತಾರೆ. ಪೂರ್ತಿ ದುಡ್ಡು ಮೊದಲೇ, ಮೂರು ಹೊತ್ತೂ ಸೇರಿ, ಆಯ್ಕೆ ಅನ್ನುವುದೇ ಇಲ್ಲ. ಕಾಗದದ ಮೇಲೆ ನೋಡಿದರೆ ಕಾಡುವ ಮಗುವಿಗೆ ಇದು ಎಲ್ಲಕ್ಕಿಂತ ಕೆಟ್ಟ ಪ್ಲಾನ್. ಆದರೆ ಹರಿದ್ವಾರದ ಚಳಿಯಲ್ಲಿ ಎದುರಿಗೆ ಬರುವುದು ಚಿತ್ರಾನ್ನ, ಉಪ್ಪಿಟ್ಟು, ಅನ್ನ ಸಾರು, ಮಜ್ಜಿಗೆ. ಮನೆಯ ರುಚಿಗೆ ಅಂಟಿಕೊಂಡ ಮಗುವಿಗೆ ಇದಕ್ಕಿಂತ ಇನ್ನೇನು ಬೇಕು? ಖಾರ ಸ್ವಲ್ಪ ಜಾಸ್ತಿ ಇರುತ್ತದೆ, ಬೆಳಿಗ್ಗೆ ಐದಕ್ಕೇ ಎಬ್ಬಿಸಿ ಬಸ್ ಹತ್ತಿಸುತ್ತಾರೆ. ಅದಕ್ಕೆ ತಯಾರಿರಿ.

ದುಡ್ಡಿನ ಲೆಕ್ಕ ಹಾಕುವ ಬಗೆ

ನನ್ನದೇ ಬಿಲ್ ಉದಾಹರಣೆಗೆ ತೆಗೆದುಕೊಳ್ಳಿ. ದೊಡ್ಡವರಿಗೆ ರಾತ್ರಿ ಊಟಕ್ಕೆ ತಲಾ 900, ಮಗನಿಗೆ 550. ಮೂರು ರಾತ್ರಿಗೆ 7,050. ಹೋಟೆಲಿನಿಂದ ಇನ್ನೂರು ಹೆಜ್ಜೆ ದೂರದಲ್ಲಿ ಒಂದು ಉಡುಪಿ ಹೋಟೆಲಿತ್ತು, ಅಲ್ಲಿ ಮೊಸರನ್ನ 120. ಮಗನಿಗೆ ಮೂರು ರಾತ್ರಿಗೆ 360 ಆಗುತ್ತಿತ್ತು, ಅದೂ ಏಳು ಗಂಟೆಗೇ, ಅವನಿಗೆ ಹಸಿವಾದಾಗ. ಅಂದರೆ ಅವನೊಬ್ಬನ ಮೇಲೆ 1,290 ರೂಪಾಯಿ ನಾನು ಸುಮ್ನೆ ಕೊಟ್ಟೆ. ನೀವೂ ಹೀಗೇ ಮಾಡಿ. ಮಗುವಿನ ಪ್ಲಾನ್ ದರ ಒಂದು ಕಡೆ, ಅದರ ಪಟ್ಟಿಯಲ್ಲಿರುವ ಒಂದು ತಿನಿಸಿನ ಹೊರಗಿನ ದರ ಇನ್ನೊಂದು ಕಡೆ. ದೊಡ್ಡವರ ಲೆಕ್ಕವನ್ನು ಅದಕ್ಕೆ ಬೆರೆಸಬೇಡಿ. ಮೂವರದ್ದೂ ಒಟ್ಟು ಹಾಕಿದರೆ ಪ್ಲಾನ್ ಯಾವಾಗಲೂ ಚೆನ್ನಾಗೇ ಕಾಣುತ್ತದೆ.

ತೆರಿಗೆಯ ಕಡೆಗೂ ಒಂದು ಕಣ್ಣಿರಲಿ. ರೂಮಿನ ಬಾಡಿಗೆ ದಿನಕ್ಕೆ 7,500 ರೂಪಾಯಿ ದಾಟುವ ದೊಡ್ಡ ಹೋಟೆಲುಗಳಲ್ಲಿ ಊಟದ ಮೇಲೆ ಶೇ 18 ಜಿಎಸ್‌ಟಿ ಬೀಳುತ್ತದೆ. ಬೀದಿಯ ಮಾಮೂಲಿ ಹೋಟೆಲಿನಲ್ಲಿ ಅದು ಶೇ 5. ಹಾಗಾಗಿ ಪ್ಲಾನ್ ದರ ಹೇಳಿದಾಗ "ಟ್ಯಾಕ್ಸ್ ಸೇರಿಯಾ?" ಅಂತ ಕೇಳಿ. ಊಟದ ಬಿಲ್ಲಿಗೆ ಸರ್ವಿಸ್ ಚಾರ್ಜನ್ನು ತಾವಾಗಿಯೇ ಸೇರಿಸುವಂತಿಲ್ಲ ಎಂದು ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, 2025ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಸೇರಿಸಿದ್ದರೆ ತೆಗೆಸಿ. ನೀರಿನ ಬಾಟಲಿ, ಜ್ಯೂಸ್, ಲಸ್ಸಿ, ರಾತ್ರಿ ರೂಮಿಗೆ ತರಿಸುವ ಬಿಸಿ ಹಾಲು ಇವು ಸಾಮಾನ್ಯವಾಗಿ ಪ್ಲಾನಿನ ಹೊರಗೆ. ಮಲಗುವ ಮುಂಚೆ ಹಾಲು ಕುಡಿಯುವ ಮಗುವಿದ್ದರೆ ರೂಮಿನಲ್ಲಿ ಕೆಟಲ್ ಇದೆಯಾ ಅಂತ ನೋಡಿಕೊಂಡು ಹಾಲಿನ ಪುಡಿ ಒಯ್ಯಿರಿ. ಡಿಸೆಂಬರ್ 24, 31ಕ್ಕೆ ಹೋಗುವವರಿಗೆ ಇನ್ನೊಂದು ಮಾತು. ಆ ಎರಡು ರಾತ್ರಿ ಎಷ್ಟೋ ರೆಸಾರ್ಟುಗಳಲ್ಲಿ 'ಗಾಲಾ ಡಿನ್ನರ್' ಅನ್ನುವ ವಿಶೇಷ ಊಟ ಕಡ್ಡಾಯ, ಮಗುವಿಗೂ ದರ. ಅದನ್ನು ತಪ್ಪಿಸಿಕೊಳ್ಳುವ ದಾರಿ ಇಲ್ಲ, ತಾರೀಖು ಬದಲಿಸಿ.

ರಾಯಚೂರಿನವರಿಗೆ ಕಡಿಮೆ ಖರ್ಚಿನ ಒಂದು ಪರೀಕ್ಷೆ ಕೈಗೆ ಸಿಕ್ಕಿದೆ. ಕಲಬುರಗಿಯಿಂದ ಬೆಂಗಳೂರಿಗೆ ಹೋಗುವ ವಂದೇ ಭಾರತ್ ನಿಮ್ಮ ಸ್ಟೇಷನ್ನಿನಲ್ಲೇ ನಿಲ್ಲುತ್ತದಲ್ಲ. ಟಿಕೆಟ್ ತೆಗೆಯುವಾಗಲೇ ಊಟ ಬೇಕೇ ಬೇಡವೇ ಎಂದು ಕೇಳುತ್ತದೆ, ಬೇಡ ಅಂದರೆ ಅಷ್ಟು ದುಡ್ಡು ಕಡಿಮೆ. ಒಂದು ಸಲ ಮಗುವಿಗೂ ತೆಗೆದುಕೊಂಡು ನೋಡಿ. ಆ ಟ್ರೇಯಲ್ಲಿ ಎಷ್ಟು ಖಾಲಿಯಾಯಿತು, ಎಷ್ಟು ಹಾಗೇ ವಾಪಸ್ ಹೋಯಿತು? ನಾಲ್ಕು ರಾತ್ರಿಯ ಪ್ಲಾನ್ ಕಟ್ಟುವ ಮೊದಲು ಆ ಟ್ರೇ ನೋಡುವುದು ಒಳ್ಳೆಯದು.

ಯಾರಿಗೆ ಯಾವುದು

ಪಟ್ಟಣದಲ್ಲಿ ಉಳಿಯುವವರು, ಹೊರಗಿನ ಪಟ್ಟಿಯಲ್ಲಿ ಐದಕ್ಕಿಂತ ಕಡಿಮೆ ತಿನಿಸಿರುವ ಮಗು: ತಿಂಡಿ ಮಾತ್ರ ಸೇರಿಸಿ. ಅದೇ ಮಗುವನ್ನು ಕರೆದುಕೊಂಡು ಬೆಟ್ಟದ ತುದಿಯ ರೆಸಾರ್ಟಿಗೆ ಹೋಗುವವರು ರಾತ್ರಿ ಊಟವನ್ನೂ ತೆಗೆದುಕೊಳ್ಳಿ, ಆದರೆ ಮೊದಲೇ ಅಡುಗೆಮನೆಯವರ ಜೊತೆ ಮಾತಾಡಿ. 5 ವರ್ಷದೊಳಗಿನವರಿಗೆ ಊಟ ಉಚಿತವಿದ್ದರೆ ದೊಡ್ಡವರಿಗೆ ಯಾವುದು ಅನುಕೂಲವೋ ಅದನ್ನೇ ಒತ್ತಿ. ಇಬ್ಬರು ಮಕ್ಕಳಲ್ಲಿ ಒಂದು ಎಲ್ಲ ತಿನ್ನುತ್ತದೆ, ಇನ್ನೊಂದು ಮುಟ್ಟುವುದಿಲ್ಲ ಅಂದರೆ ಫೋನಿನಲ್ಲಿ ಬೇರೆಬೇರೆ ಕೇಳಿ, ಒಪ್ಪದಿದ್ದರೆ ಸಿಪಿ. ಕೈ ತುಂಬಾ ಬಿಗಿ ಇದ್ದರೆ ಬರೀ ರೂಮು, ಜೊತೆಗೆ ಬಾಳೆಹಣ್ಣು, ಬ್ರೆಡ್, ಮನೆಯಿಂದ ಒಂದು ಡಬ್ಬಿ.

ಇದೆಲ್ಲ ರುಚಿಯ ಹಟದ ಮಾತು. ಶೇಂಗಾ, ಹಾಲು, ಗೋಧಿ ಆಗದ ಮಗುವಾದರೆ ಬಫೆಯ ಪಾತ್ರೆಗಳನ್ನು ನಂಬಬೇಡಿ. ಒಂದೇ ಸೌಟು ನಾಲ್ಕು ಪಾತ್ರೆಗೆ ಓಡಾಡುವುದನ್ನು ನಾನೇ ನೋಡಿದ್ದೇನೆ.

ಆ ಡಬ್ಬಿಯ ವಿಷಯಕ್ಕೆ ಬಂದರೆ ನಮ್ಮ ಕಡೆಯವರು ಪುಣ್ಯವಂತರು. ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಹೋಳಿಗೆ ಪ್ರವಾಸ ಮುಗಿಯುವವರೆಗೆ ಬಾಳುತ್ತದೆ. ಚಟ್ನಿಪುಡಿ ಇದ್ದರೆ ಯಾವ ಊರಿನ ಅನ್ನವನ್ನಾದರೂ ತುಪ್ಪ ಹಾಕಿ ಕಲಸಿ ಎರಡು ತುತ್ತು ಇಳಿಸಬಹುದು. ಯಾವ ಪ್ಲಾನ್ ತೆಗೆದುಕೊಂಡರೂ ಈ ಡಬ್ಬಿ ಬಿಡಬೇಡಿ.

ಬುಕ್ ಮಾಡುವ ಮೊದಲು ಹೋಟೆಲಿಗೆ ಒಂದು ಫೋನ್ ಮಾಡಿ. ಬುಕಿಂಗ್ ಆಪಿನ ನಂಬರಿಗೆ ಬೇಡ, ಹೋಟೆಲಿನ ನಂಬರಿಗೇ ಮಾಡಿ, ಮಧ್ಯಾಹ್ನ ಮೂರರ ಸುಮಾರಿಗೆ. ಆಗ ಅವರಿಗೂ ಬಿಡುವಿರುತ್ತದೆ. ರಾತ್ರಿ ಊಟ ಎಷ್ಟಕ್ಕೆ ಶುರು, ಬಫೆಯೋ ಸೆಟ್ ಮೆನುವೋ, ಮಗುವಿನ ವಯಸ್ಸಿಗೆ ದರ ಎಷ್ಟು, ಸಾದಾ ಅನ್ನ ಸಾದಾ ಮೊಸರು ಏಳು ಗಂಟೆಗೇ ಸಿಗುತ್ತದಾ, ಇಷ್ಟು ಕೇಳಿದರೆ ಸಾಕು. ಒಪ್ಪಿದ್ದನ್ನು ವಾಟ್ಸಾಪಿನಲ್ಲಿ ಒಂದು ಸಾಲು ಬರೆಸಿಕೊಳ್ಳಿ.

ಓಣಿಯ ಹುಡುಗಿ ನನ್ನ ಎದುರಿಗೇ ಊಟಿಯ ಹೋಟೆಲಿಗೆ ಫೋನ್ ಹಚ್ಚಿದಳು. ಆ ಕಡೆಯವರಿಗೆ ಕನ್ನಡ ಬರುತ್ತಿತ್ತು. ಏಳಕ್ಕೆ ಸಾದಾ ಅನ್ನ ಮೊಸರು ಕೊಡುತ್ತೇವೆ, ಮಗುವಿಗೆ ಬೇರೆ ದರ ಹಾಕುವುದಿಲ್ಲ ಅಂದರಂತೆ. ಫೋನ್ ಇಟ್ಟು ಸಿಪಿ ಒತ್ತಿದಳು. ಆಮೇಲೆ ನನ್ನ ಅಡುಗೆಮನೆ ಕಡೆ ನೋಡಿ, "ಅಕ್ಕಾ, ನಿಮ್ಮ ಚಟ್ನಿಪುಡಿ ಒಂದು ಡಬ್ಬಿ ಕೊಡ್ರಿ" ಅಂದಳು.